ಆಟ ತಾನೇ ಅನ್ನಬೇಡಿ, ಮೇಷ್ಟ್ರೇ

ಮೊದಲು ಪತ್ರದ ವಿಷಯ ಹೇಳಿಬಿಡುತ್ತೇನೆ. ತಿಪಟೂರಿನ ಕಡೆಯ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಬರೆದಿದ್ದಾರೆ. ಅವರ ಮೊಮ್ಮಗ ಎರಡು ವರ್ಷದ ಹಿಂದೆ, ಹಬ್ಬಹರಿದಿನಕ್ಕೆ ಕೈಗೆ ಬಂದ ದುಡ್ಡೆಲ್ಲ ಕೂಡಿಟ್ಟು ಒಂದು ಕಂಪ್ಯೂಟರ್ ಗೇಮ್ ಕೊಂಡನಂತೆ. ಹೋದ ತಿಂಗಳು ತೆರೆದರೆ ಒಂದು ನೋಟಿಸು: ‘ನಮ್ಮ ಷರತ್ತುಗಳು ಬದಲಾಗಿವೆ, ಒಪ್ಪಿಕೊಳ್ಳಿ.’ ಮೇಷ್ಟ್ರು ಕನ್ನಡಕ ಹಾಕಿಕೊಂಡು ಓದಲು ಕೂತರು. ಹನ್ನೊಂದನೇ ಪುಟಕ್ಕೆ ಸುಸ್ತಾಗಿ ‘ಒಪ್ಪುವುದಿಲ್ಲ’ ಒತ್ತಿದರು. ಗೇಮ್ ಮುಚ್ಚಿಕೊಂಡಿತು. ದುಡ್ಡು ವಾಪಸ್ ಕೇಳಿದರೆ, ಅದರ ಗಡುವು ಯಾವತ್ತೋ ಮುಗಿದಿದೆ ಅನ್ನುವ ಉತ್ತರ ಬಂತು. ಐಟಿಯಲ್ಲಿರುವ ಅಳಿಯ ನಕ್ಕು, ‘ಮಾವ, ಅವನು ಕೊಂಡಿದ್ದು ಗೇಮ್ ಅಲ್ಲ, ಲೈಸೆನ್ಸು, ಅಂದರೆ ಆಡಲು ಅನುಮತಿ ಮಾತ್ರ’ ಅಂದರಂತೆ. ಮೇಷ್ಟ್ರ ಪ್ರಶ್ನೆ ಎರಡು. ಒಂದು, ಇದು ನ್ಯಾಯವೇ? ಎರಡು, ‘ಒಂದು ಆಟದ ವಿಷಯಕ್ಕೆ ನಾನು ಇಷ್ಟು ತಲೆ ಕೆಡಿಸಿಕೊಂಡಿದ್ದು ಜಾಸ್ತಿ ಆಯಿತೇನೋ?’

ಮೇಷ್ಟ್ರೇ, ಎರಡನೇ ಪ್ರಶ್ನೆಗೆ ಮೊದಲು ಬರುತ್ತೇನೆ, ಯಾಕೆಂದರೆ ಅದರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ನಲವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು ನೀವು. ಉತ್ತರ ಸರಿಯಿದ್ದರೂ ಹೆಜ್ಜೆ ತಪ್ಪಿದ್ದರೆ ಅರ್ಧ ಅಂಕ ಕಿತ್ತವರು. ನೀವೇ ‘ಆಟ ತಾನೇ’ ಅಂದರೆ ಹೇಗೆ?

ನಮ್ಮ ಮನೆಯಲ್ಲಿ ಬೇಸಿಗೆ ರಜೆ ಅಂದರೆ ಚೌಕಾಬಾರ. ನೆಲದ ಮೇಲೆ ಸೀಮೆಸುಣ್ಣದ ಮನೆ, ಕಾಯಿಗೆ ಬಳೆಚೂರು, ಕವಡೆ ಸಿಗದಿದ್ದರೆ ಒಂದು ಬದಿ ಉಜ್ಜಿದ ಹುಣಸೆಬೀಜ. ಕೂರುವ ಮುಂಚೆಯೇ ಅಜ್ಜಿ ಕೇಳುವಳು: ‘ಹೊಡೆಯದೆ ಒಳಮನೆಗೆ ಹೋಗಬಹುದೋ, ಹೊಡೆದೇ ಹೋಗಬೇಕೋ?’ ಒಂದೊಂದು ಮನೆಯಲ್ಲಿ ಒಂದೊಂದು ಪದ್ಧತಿ, ಅದಕ್ಕೇ ಕೇಳುತ್ತಿದ್ದಳು. ಒಮ್ಮೆ ನನ್ನ ಕಾಯಿ ಒಳಮನೆಯ ಬಾಗಿಲಲ್ಲಿತ್ತು. ಚಿಕ್ಕಪ್ಪ ಇದ್ದಕ್ಕಿದ್ದ ಹಾಗೆ, ‘ಒಂದಲ್ಲ, ಎರಡು ಕಾಯಿ ಹೊಡೆದಿರಬೇಕು’ ಅಂದರು. ಅಜ್ಜಿ ತಲೆಯೆತ್ತಿಯೂ ನೋಡಲಿಲ್ಲ. ‘ಕವಡೆ ಹಾಕೋಕೆ ಮುಂಚೆ ಹೇಳಬೇಕಿತ್ತು, ಈಗ ಸುಮ್ನೆ ಆಡು’ ಅಂದಳು. ನಿಮ್ಮ ಹನ್ನೊಂದು ಪುಟಕ್ಕೆ ನನ್ನ ಉತ್ತರವೂ ಅಷ್ಟೇ.

ಕಂಪನಿಗಳ ಕಡೆಯೂ ಒಂದು ಮಾತಿದೆ, ಹೇಳಿಬಿಡುತ್ತೇನೆ. ಆನ್‌ಲೈನ್ ಆಟಕ್ಕೆ ಸರ್ವರ್, ಅಂದರೆ ಕಂಪನಿ ತನ್ನ ಕಡೆ ನಡೆಸುವ ಕಂಪ್ಯೂಟರ್ ಬೇಕು, ಸರ್ವರಿಗೆ ಖರ್ಚಿದೆ. ಮೋಸ ಮಾಡಿ ಆಡುವವರನ್ನು ಹೊರಗಿಡಲು ನಿಯಮ ಬಿಗಿ ಮಾಡಬೇಕಾಗುತ್ತದೆ. ಆಟದಲ್ಲಿ ಬರುವ ನಿಜವಾದ ಕಾರು, ಹಾಡುಗಳ ಹಕ್ಕಿಗೆ ಅವಧಿ ಇರುತ್ತದೆ. ದೇಶದ ಕಾನೂನು ಬದಲಾದರೆ ಷರತ್ತೂ ಬದಲಾಗಬೇಕು. ಎಲ್ಲ ಒಪ್ಪಿದೆ. ಆದರೆ ಇದ್ಯಾವುದೂ ಮಾರುವ ದಿನ ಅವರಿಗೆ ಗೊತ್ತಿರಲಿಲ್ಲವೇ?

ಗೊತ್ತಿದ್ದೂ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದಕ್ಕೆ ಸೋನಿಯ ಕಥೆ ಕೇಳಿ. ಟಿವಿಗೆ ಜೋಡಿಸಿ ಆಡುವ ಅವರ ಗೇಮ್ ಯಂತ್ರ ಪ್ಲೇಸ್ಟೇಷನ್ 3 ಬಂದದ್ದು 2006ರಲ್ಲಿ. ಅದರಲ್ಲಿ ವಿಂಡೋಸಿನ ಥರದ ಲಿನಕ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಕಂಪ್ಯೂಟರಿನಂತೆಯೂ ಬಳಸಬಹುದು ಎಂದು ಕಂಪನಿಯೇ ಹೇಳಿಕೊಂಡಿತ್ತು. ಅಮೆರಿಕದ ವಾಯುಪಡೆಯ ಸಂಶೋಧಕರು 1,700ಕ್ಕೂ ಹೆಚ್ಚು ಪ್ಲೇಸ್ಟೇಷನ್‌ಗಳನ್ನು ಒಟ್ಟಿಗೆ ಜೋಡಿಸಿ ಒಂದು ಸೂಪರ್ ಕಂಪ್ಯೂಟರನ್ನೇ ಕಟ್ಟಿದರು. 2009ರಲ್ಲಿ ಬಂದ ತೆಳು ಮಾಡೆಲ್‌ನಲ್ಲಿ ಸೋನಿ ಈ ಸೌಲಭ್ಯ ಕೈಬಿಟ್ಟಿತು. ಅದು ಅವರಿಷ್ಟ, ಬೇಡದವರು ಕೊಳ್ಳುವುದಿಲ್ಲ. ಆದರೆ 2010ರ ಏಪ್ರಿಲ್ 1ರಂದು, ಮೂರ್ಖರ ದಿನ ಅಂತ ನೋಡಿಕೊಂಡೇ ಆರಿಸಿದಂತೆ, ಆಗಲೇ ಮಾರಾಟವಾಗಿದ್ದ ಹಳೆಯ ಯಂತ್ರಗಳಿಂದಲೂ ಅದನ್ನು ಕಿತ್ತುಹಾಕುವ ಅಪ್‌ಡೇಟ್ ಬಂತು. ಸುರಕ್ಷತೆ ಅನ್ನುವುದು ಅವರು ಕೊಟ್ಟ ಕಾರಣ. ಅಪ್‌ಡೇಟ್ ಬೇಡವೇ? ಹಾಕಿಕೊಳ್ಳಬೇಡಿ, ಬಲವಂತವಿಲ್ಲ. ಆನ್‌ಲೈನ್ ಆಟ ಮಾತ್ರ ಇರುವುದಿಲ್ಲ, ಹೊಸ ಆಟಗಳೂ ನಡೆಯದೇ ಹೋಗಬಹುದು. ಅಂದರೆ ಒಂದು ಕಣ್ಣು ಕೊಡಿ, ಎಡಗಣ್ಣೋ ಬಲಗಣ್ಣೋ ನಿಮ್ಮಿಷ್ಟ. ಗ್ರಾಹಕರು ಒಟ್ಟಾಗಿ ಕೋರ್ಟಿಗೆ ಹೋದರು. ರಾಜಿಯಾಗಿ ಮುಗಿದದ್ದು 2018ರಲ್ಲಿ. ಒಬ್ಬೊಬ್ಬರಿಗೆ ಹೆಚ್ಚೆಂದರೆ 65 ಡಾಲರ್.

ಇದರ ನಡುವೆ ಇನ್ನೊಂದು ನಡೆಯಿತು, ನನಗೆ ಎಲ್ಲಕ್ಕಿಂತ ರುಚಿಯೆನಿಸುವುದು ಇದೇ. 2011ರ ಏಪ್ರಿಲ್‌ನಲ್ಲಿ ಸೋನಿಯ ಜಾಲಕ್ಕೆ ಕನ್ನ ಬಿತ್ತು. 7.7 ಕೋಟಿ ಖಾತೆಗಳ ವಿವರ ಅಪಾಯಕ್ಕೆ ಸಿಕ್ಕಿತು. ಮತ್ತೆ ಮೊಕದ್ದಮೆಗಳು. ಸೆಪ್ಟೆಂಬರ್‌ನಲ್ಲಿ ಷರತ್ತು ಬದಲಾಯಿತು: ಇನ್ನು ಮುಂದೆ ಗ್ರಾಹಕರು ಗುಂಪಾಗಿ ಮೊಕದ್ದಮೆ ಹೂಡುವಂತಿಲ್ಲ. ಒಪ್ಪಿಗೆ ಇಲ್ಲದವರು 30 ದಿನದೊಳಗೆ ತಿಳಿಸಬೇಕು. ಹೇಗೆ? ಕಾಗದದ ಮೇಲೆ ಬರೆದು ಲಾಸ್ ಏಂಜಲೀಸ್‌ನ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಬೇಕು! ಒಪ್ಪುವುದಕ್ಕೆ ಒಂದು ಗುಂಡಿ ಸಾಕು, ಒಪ್ಪದೇ ಇರುವುದಕ್ಕೆ ಅಂಚೆಚೀಟಿ ಬೇಕು. ನಮ್ಮ ಪತ್ರಿಕೆಗೆ ಇನ್ನೂ ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆಯುವ ನೀವು ಇದನ್ನು ಓದಿ ನಗುತ್ತೀರಿ ಅಂದುಕೊಂಡಿದ್ದೇನೆ.

ಈಗ ನಿಮ್ಮ ಅಳಿಯಂದಿರ ‘ಲೈಸೆನ್ಸು’ ಮಾತು. ಅದು ಹೊಸ ವಾದವೇನಲ್ಲ, ಅದರ ಹುಟ್ಟು ನಮ್ಮ ಪುಸ್ತಕದ ಧಂದೆಯಲ್ಲೇ ಇದೆ. ನೂರು ವರ್ಷಕ್ಕೂ ಹಿಂದೆ ಅಮೆರಿಕದ ಬಾಬ್ಸ್-ಮೆರಿಲ್ ಎಂಬ ಪ್ರಕಾಶಕರು ಒಂದು ಕಾದಂಬರಿಯ ಒಳಗೇ ಒಂದು ಸೂಚನೆ ಅಚ್ಚು ಹಾಕಿದರು: ಇದರ ಬೆಲೆ 1 ಡಾಲರ್, ಅದಕ್ಕಿಂತ ಕಡಿಮೆಗೆ ಮಾರಲು ಯಾವ ಅಂಗಡಿಗೂ ಲೈಸೆನ್ಸ್ ಇಲ್ಲ, ಮಾರಿದರೆ ಕಾಪಿರೈಟ್ ಉಲ್ಲಂಘನೆ. ಗಮನಿಸಿ, ಆಗಲೇ ‘ಲೈಸೆನ್ಸ್’ ಅನ್ನುವ ಪದ. ನ್ಯೂಯಾರ್ಕಿನ ಮೇಸೀಸ್ ಅಂಗಡಿ ಅದನ್ನು 89 ಸೆಂಟಿಗೆ ಮಾರಿತು. ಅಂಗಡಿಯ ಮಾಲೀಕರು ಸ್ಟ್ರಾಸ್ ಸಹೋದರರು. ಅವರಲ್ಲಿ ಐಸಿಡೋರ್ ಮುಂದೆ 1912ರಲ್ಲಿ ಟೈಟಾನಿಕ್ ಜೊತೆ ಮುಳುಗಿದವರು, ಅದು ಬೇರೆ ಕಥೆ. 1908ರಲ್ಲಿ ಸುಪ್ರೀಂ ಕೋರ್ಟ್ ಅಂಗಡಿಯ ಪರ ತೀರ್ಪು ಕೊಟ್ಟಿತು. ಒಮ್ಮೆ ಮಾರಿದ ಮೇಲೆ ಆ ಪ್ರತಿಯನ್ನು ಮುಂದೆ ಎಷ್ಟಕ್ಕೆ ಮಾರಬೇಕು ಅನ್ನುವ ಅಧಿಕಾರ ಪ್ರಕಾಶಕರಿಗೆ ಇಲ್ಲ ಎಂದಿತು. ಅವೆನ್ಯೂ ರೋಡಿನಲ್ಲಿ ಹಳೇ ಪುಸ್ತಕದ ಗುಡ್ಡೆ ಕೆದಕುವಾಗ ನನಗೆ ಈ ಕೇಸು ನೆನಪಾಗುತ್ತದೆ. ಯಾರೋ ಕೊಂಡರು, ಓದಿದರು, ಮಾರಿದರು, ಈಗ ನನ್ನ ಕೈಲಿದೆ. ಯಾರನ್ನೂ ಕೇಳಬೇಕಾಗಿಲ್ಲ.

ಗೇಮ್ ಕಂಪನಿಗಳು ಈ ಪಾಠ ಚೆನ್ನಾಗಿ ಕಲಿತಿವೆ. ಮಾರಿದರೆ ತಾನೇ ಈ ತೊಂದರೆ, ಮಾರಲೇಬೇಡಿ! ‘ಬೈ’ ಅಂತ ಗುಂಡಿ ಇಡಿ, ಒಳಗೆ ಬಾಡಿಗೆ ಚೀಟಿ ಇಡಿ.

ಯೂಬಿಸಾಫ್ಟ್ ಕಂಪನಿಯ ‘ದ ಕ್ರೂ’ ಅನ್ನುವ ಕಾರ್ ರೇಸಿನ ಆಟ ಇದಕ್ಕೆ ಸಾಕ್ಷಿ. 2014ರ ಡಿಸೆಂಬರ್‌ನಲ್ಲಿ ಬಂತು. ಒಬ್ಬನೇ ಕೂತು ಆಡಿದರೂ ಅದಕ್ಕೆ ಕಂಪನಿಯ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಆಟ ಸತ್ತಿತು. ಅಷ್ಟಕ್ಕೇ ಬಿಡಲಿಲ್ಲ, ಜನರ ಖಾತೆಗಳಿಂದ ಅದರ ಲೈಸೆನ್ಸನ್ನೇ ವಾಪಸ್ ತೆಗೆದುಕೊಂಡರು. ಕ್ಯಾಲಿಫೋರ್ನಿಯಾದ ಇಬ್ಬರು ಆಟಗಾರರು ಕೋರ್ಟಿಗೆ ಹೋದಾಗ ಕಂಪನಿ ಹೇಳಿದ್ದು ನಿಮ್ಮ ಅಳಿಯಂದಿರು ಹೇಳಿದ್ದನ್ನೇ: ನೀವು ಕೊಂಡದ್ದು ಸೀಮಿತ ಲೈಸೆನ್ಸು. ಅದಕ್ಕೆ ಆಟಗಾರರ ಕಡೆಯವರು ಡಬ್ಬಿಯೊಳಗಿನ ಕೋಡ್ ತೋರಿಸಿದರು. ಆ ಕೋಡಿನ ಅವಧಿ 2099ರವರೆಗೆ ಅಂತ ಇತ್ತಂತೆ. ಎಪ್ಪತ್ತೈದು ವರ್ಷ ಮುಂಚೆಯೇ ಬಾಗಿಲು ಹಾಕಿದರೆ ಗಣಿತದ ಮೇಷ್ಟ್ರಾಗಿ ನೀವೇನು ಹೇಳುತ್ತೀರೋ!

ಇದೇ ಸಿಟ್ಟಿನಲ್ಲಿ ಯೂಟ್ಯೂಬಿನ ರಾಸ್ ಸ್ಕಾಟ್ ಅನ್ನುವವರು 2024ರಲ್ಲಿ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಶುರು ಮಾಡಿದರು. ಅವರ ಬೇಡಿಕೆ ದೊಡ್ಡದೇನಲ್ಲ. ಸರ್ವರ್ ಸದಾಕಾಲ ನಡೆಸಿ ಅಂದಿಲ್ಲ, ನಿಲ್ಲಿಸುವಾಗ ಕೊಂಡವರು ತಾವೇ ಆಡಿಕೊಳ್ಳುವಂತೆ ಮಾಡಿಟ್ಟು ಹೋಗಿ ಅಂದರು. ಯುರೋಪಿನಲ್ಲಿ ಈ ಮನವಿಗೆ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಯೂಬಿಸಾಫ್ಟ್ ಕೂಡ ಆಮೇಲೆ ಆ ಆಟದ ಮುಂದಿನ ಎರಡು ಭಾಗಗಳಿಗೆ ಆಫ್‌ಲೈನ್ ವ್ಯವಸ್ಥೆ ಕೊಡುವುದಾಗಿ ಹೇಳಿತು. ಅಂದರೆ ಆಗದ ಕೆಲಸವೇನಲ್ಲ, ಮನಸ್ಸಿರಲಿಲ್ಲ ಅಷ್ಟೇ.

ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಇದೆ. ಕೊಡುವುದು ಲೈಸೆನ್ಸ್ ಮಾತ್ರವಾದರೆ ಅದನ್ನು ಸ್ಪಷ್ಟವಾಗಿ ಹೇಳದೆ ‘ಬೈ’ ಅನ್ನುವಂತಿಲ್ಲ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಈಗ ದುಡ್ಡು ಕಟ್ಟುವ ಮುಂಚೆ ಆ ಸಾಲು ಕಾಣುತ್ತದೆ. ಒಳ್ಳೆಯದೇ. ಆದರೆ ಹಾಲಿಗೆ ನೀರು ಹಾಕುವವನು ಕ್ಯಾನಿನ ಮೇಲೆ ‘ನೀರು ಹಾಕಿದೆ’ ಅಂತ ಚೀಟಿ ಅಂಟಿಸಿದ ಹಾಗಾಯಿತು.

ಇನ್ನೂ ಒಂದು ತಮಾಷೆ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಗೇಮ್ ತಯಾರಕರೇ ಇದೇ ಗುಂಡಿಗೆ ಬಿದ್ದರು. ಎಷ್ಟೋ ಆಟಗಳನ್ನು ಕಟ್ಟುವುದು ಯೂನಿಟಿ ಅನ್ನುವ ಸಾಫ್ಟ್‌ವೇರ್ ಮೇಲೆ. ಆ ಕಂಪನಿ ಇದ್ದಕ್ಕಿದ್ದಂತೆ, ಆಟ ಒಂದು ಮಟ್ಟಕ್ಕಿಂತ ಹೆಚ್ಚು ಓಡಿದರೆ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಅಂದಿತು. ಆಗಲೇ ಮಾರುಕಟ್ಟೆಯಲ್ಲಿದ್ದ ಆಟಗಳಿಗೂ ಅನ್ವಯ! ತಯಾರಕರು ಬೊಬ್ಬೆ ಹೊಡೆದರು: ‘ನಾವು ಒಪ್ಪಿದ್ದ ಷರತ್ತೇ ಬೇರೆ.’ ಒಂದು ತಿಂಗಳಲ್ಲಿ ಕಂಪನಿಯ ಮುಖ್ಯಸ್ಥರು ಹೊರನಡೆದರು, ಒಂದು ವರ್ಷದಲ್ಲಿ ಶುಲ್ಕವೇ ರದ್ದಾಯಿತು. ಅವರ ಬೊಬ್ಬೆ ನಿಮ್ಮ ಪತ್ರದ ಪಕ್ಕ ಇಟ್ಟು ಓದಿದೆ, ಒಂದಕ್ಷರ ವ್ಯತ್ಯಾಸವಿಲ್ಲ. ಆದರೆ ಅವರ ಕೂಗು ಕೇಳಿಸಿತು, ನಿಮ್ಮ ಮೊಮ್ಮಗನದು ಕೇಳಿಸಲಿಲ್ಲ.

ಆಟ ಬಿಡಿ, ನಮ್ಮ ಕಚೇರಿಯ ಪ್ರಿಂಟರ್ ಕಥೆ ಇದಕ್ಕಿಂತ ಬೇರೆಯಲ್ಲ. ಎರಡು ವರ್ಷ ಬೀದಿ ಕೊನೆಯ ಅಂಗಡಿಯಲ್ಲಿ ಇಂಕ್ ತುಂಬಿಸಿಕೊಂಡು ಬರುತ್ತಿದ್ದೆವು. ಒಂದು ಬೆಳಿಗ್ಗೆ ಏನೋ ಅಪ್‌ಡೇಟ್ ಆಯಿತು. ಅವತ್ತಿನಿಂದ ‘ಈ ಕಾರ್ಟ್ರಿಡ್ಜ್ ಅಸಲಿಯಲ್ಲ’ ಅಂತ ಕೆಂಪು ದೀಪ ಹಾಕಿಕೊಂಡು ಕೂತಿದೆ. ದುಡ್ಡು ಕೊಟ್ಟವರು ನಾವು, ಕರೆಂಟು ನಮ್ಮದು, ಕಾಗದ ನಮ್ಮದು. ಹಟ ಅವರದು. ನಮ್ಮ ಡಿಟಿಪಿ ಹುಡುಗಿ ಅದರ ಮೇಲೆ ಈಗ ಟಿಫಿನ್ ಡಬ್ಬಿ ಇಡುತ್ತಾಳೆ. ಟಿವಿ, ಫೋನು ಎಲ್ಲಕ್ಕೂ ಇದೇ ರೋಗ ಹತ್ತಿದೆ. ಮನೆಗೆ ತಂದ ಮೇಲೂ ಒಂದು ಕೈ ಅಂಗಡಿಯವನದೇ.

ನಾವೇನು ಸಾಚಾಗಳಾ ಅಂತ ನೀವು ಕೇಳಬಹುದು. ನಮ್ಮ ಪತ್ರಿಕೆ ಶುರುವಾದಾಗ 250 ರೂಪಾಯಿಗೆ ಆಜೀವ ಚಂದಾ ಮಾಡಿದ್ದೆವು. ಮುಂದೆ ಕಾಗದದ ಬೆಲೆ ಏರಿತು, ಅಂಚೆ ವೆಚ್ಚ ಏರಿತು. ‘ನಿಯಮ ಬದಲಾಗಿದೆ ಅಂತ ಒಂದು ಕಾರ್ಡ್ ಹಾಕಿಬಿಡೋಣ’ ಎಂದು ಸಭೆಯಲ್ಲಿ ಒಬ್ಬರು ಅಂದರು. ಆಗಿನ ಸಂಪಾದಕರು ಹಳೆಯ ರಸೀದಿ ಪುಸ್ತಕ ತರಿಸಿ, ‘ಇಲ್ಲಿ ಏನು ಬರೆದಿದ್ದೀವಿ, ಗಟ್ಟಿಯಾಗಿ ಓದಿ’ ಎಂದರು. ‘ಆಜೀವ’ ಅಂತಿತ್ತು. ಮಾತು ಅಲ್ಲಿಗೇ ಮುಗಿಯಿತು. ಕೈಲಾದವರು ಕೊಡಿ ಅಂತ ವಿನಂತಿ ಮಾತ್ರ ಹೋಯಿತು. ಕೆಲವರು ಮನಿಯಾರ್ಡರ್ ಮಾಡಿದರು, ಕೆಲವರು ಬೈದು ಬರೆದರು. ಆಮೇಲೆ ಎಂಟು ಪುಟ ಕಡಿಮೆ ಮಾಡಿದೆವು ನಿಜ. ಅದೂ ಷರತ್ತು ಬದಲಿಸಿದ ಹಾಗೇ ಅಲ್ವಾ ಎಂದು ಆಗ ಬೈದು ಬರೆದವರಲ್ಲಿ ನೀವೂ ಒಬ್ಬರು. ಮರೆತಿಲ್ಲ.

ನ್ಯಾಯವೇ ಎಂದು ಕೇಳಿದ್ದಿರಿ. ನಾನು ವಕೀಲನಲ್ಲ. ಆದರೆ ನಮ್ಮ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ‘ಅನ್ಯಾಯದ ಒಪ್ಪಂದ’ಕ್ಕೆ ಬೇರೆಯೇ ವ್ಯಾಖ್ಯೆ ಇದೆ. ಸರಿಯಾದ ಕಾರಣವಿಲ್ಲದೆ ಒಂದೇ ಕಡೆಯವರು ಒಪ್ಪಂದ ಮುರಿಯುವ ಅವಕಾಶ ಇಟ್ಟುಕೊಂಡರೆ ಅದೂ ಆ ವ್ಯಾಖ್ಯೆಯೊಳಗೆ ಬರುತ್ತದೆ. ತೊಡಕೆಂದರೆ, ಆ ದೂರು ನಿಮ್ಮ ಜಿಲ್ಲೆಯ ಆಯೋಗಕ್ಕೆ ಹೋಗುವುದಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಹಬ್ಬದ ದುಡ್ಡಿನ ಒಂದು ಗೇಮಿಗೆ ಯಾರು ಬೆಂಗಳೂರಿಗೆ ಓಡಾಡುತ್ತಾರೆ? ಅದು ಕಂಪನಿಗೂ ಗೊತ್ತು. ಸದ್ಯಕ್ಕೆ 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸಿ. ಹಳೆಯ ಷರತ್ತಿನ ಪ್ರತಿ, ದುಡ್ಡು ಕಟ್ಟಿದ ರಸೀದಿ ಎರಡೂ ಇಟ್ಟುಕೊಳ್ಳಿ. ಅಳಿಯಂದಿರಿಗೆ ಹೇಳಿ, ನಗುವ ಬದಲು ಅಷ್ಟು ಹುಡುಕಿಕೊಡಲಿ.

ಹಾಂ, ಮೊಮ್ಮಗನಿಗೆ ಒಂದು ವಿಷಯ. ನನ್ನ ತಂಗಿಯ ಮಗ ಕಾಲೇಜಿನಲ್ಲಿದ್ದಾಗ ಕೊಂಡ ‘ಕ್ರಿಕೆಟ್ 07’ರ ಸಿಡಿ ನಮ್ಮ ಮನೆಯಲ್ಲಿದೆ, 2006ರದು. ಅದನ್ನು ಮಾಡಿದ ಇಎ ಕಂಪನಿ ಆಮೇಲೆ ಕ್ರಿಕೆಟ್ ಆಟವನ್ನೇ ಮಾಡಲಿಲ್ಲ. ಹುಡುಗರು ಮಾತ್ರ ಹೊಸ ತಂಡ, ಹೊಸ ಜೆರ್ಸಿ ಸೇರಿಸಿಕೊಂಡು ಇವತ್ತಿಗೂ ಆಡುತ್ತಾರೆ. ನಮ್ಮ ಹಳೇ ಕಂಪ್ಯೂಟರಿಗೆ ಹಾಕಿದರೆ ಗರಗರ ಸದ್ದು ಮಾಡಿ ಶುರುವಾಗುತ್ತದೆ, ಏನನ್ನೂ ಒಪ್ಪಿಕೋ ಅನ್ನುವುದಿಲ್ಲ. ದ್ರಾವಿಡ್ ಇನ್ನೂ ಔಟಾಗಿಲ್ಲ. ನಿಮ್ಮ ಮನೆಯಲ್ಲಿ ಸಿಡಿ ಡ್ರೈವ್ ಇರುವ ಹಳೇ ಕಂಪ್ಯೂಟರ್ ಇದ್ದರೆ ಒಂದು ಕಾರ್ಡ್ ಹಾಕಿ, ಮುಂದಿನ ಸಂಚಿಕೆಯ ಜೊತೆ ಕಳಿಸುತ್ತೇನೆ.

— ಸಂ.