ಫೈಲಿನಲ್ಲಿ ಇಲ್ಲದ ತಾರೀಕು

(ಗುರುತು ಸಿಗಬಾರದೆಂದು ಹೆಸರು, ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಹುಡುಗನನ್ನು ಕಿರಣ್ ಎಂದು ಕರೆಯುತ್ತೇನೆ.)

ಕಿರಣ್‌ಗೆ 27 ವರ್ಷ. ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಆಧಾರವಿಲ್ಲದ ಅನುಮಾನ ಕಾಡುವ ಮನೋರೋಗ) ಶುರುವಾಗಿ ಐದು ವರ್ಷವಾಗಿತ್ತು. ಮೊದಲ ಸಲ ಆಸ್ಪತ್ರೆಯಿಂದ ಮನೆಗೆ ಹೋದವನು ಮೂರೂವರೆ ವರ್ಷ ಚೆನ್ನಾಗಿಯೇ ಇದ್ದ. ಆಮೇಲಿನ 14 ತಿಂಗಳಲ್ಲಿ ಎರಡು ಸಲ ಮತ್ತೆ ಅಡ್ಮಿಟ್ ಆದ. ಎರಡು ಸಲವೂ ಫೈಲಿನಲ್ಲಿ ಬರೆದ ಕಾರಣ ಒಂದೇ: 'ಮಾತ್ರೆ ನಿಲ್ಲಿಸಿದ್ದಾನೆ.'

ನಾನು ಆ ವಾರ್ಡಿನ ಸಮಾಜಕಾರ್ಯಕರ್ತೆ. ಡಿಸ್ಚಾರ್ಜ್‌ಗೆ ಮೊದಲು ಮನೆಯವರ ಜೊತೆ ಮಾತಾಡಿ ಅಂತ ಡಾಕ್ಟರ್ ಹೇಳಿದರು. 'ಮಾತ್ರೆ ಬಿಡಬೇಡಿ' ಅಂತ ಇನ್ನೊಂದು ಸಲ ಹೇಳಿ ಕಳಿಸುವುದೇ ನಮ್ಮ ಕೆಲಸ ಅಂತ ತುಂಬಾ ಜನ ತಿಳಿದಿದ್ದಾರೆ. ಅಷ್ಟೇ ಆಗಿದ್ದರೆ ಒಂದು ಚೀಟಿ ಸಾಕಿತ್ತು.

ಯಾಕೆ ಬಿಟ್ಟೆ ಅಂತ ಅವನನ್ನು ಯಾರೂ ಕೇಳಿರಲಿಲ್ಲ. ನಾನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ ಊಟದಲ್ಲಿ ಏನೋ ಬೆರೆಸ್ತಾರೆ" ಅಂದ. ಕಾಯಿಲೆಯಿಂದ ಬಂದ ಅನುಮಾನ ಇನ್ನೂ ಹೋಗಿಲ್ಲ ಅಂತ ಬರೆದುಕೊಳ್ಳುವುದರಲ್ಲಿದ್ದೆ. ಯಾವುದಕ್ಕೂ ಇರಲಿ ಅಂತ ಅಮ್ಮನನ್ನು ಬೇರೆಯಾಗಿ ಕೂರಿಸಿ ಕೇಳಿದೆ. ಅವರು ಅತ್ತುಬಿಟ್ಟರು. ಮಾತ್ರೆಯನ್ನು ಪುಡಿ ಮಾಡಿ ಬೆರೆಸುತ್ತಿದ್ದದ್ದು ನಿಜ. ಅದು ಗೊತ್ತಾದ ದಿನದಿಂದ ಅವನು ಮನೆಯಲ್ಲಿ ಊಟ ಮಾಡುವುದನ್ನೇ ಬಿಟ್ಟಿದ್ದ. ಊಟದಲ್ಲಿ ಯಾರೋ ಏನೋ ಹಾಕುತ್ತಾರೆ ಅನ್ನುವುದೇ ಕಾಯಿಲೆ ಬಂದಾಗಿನಿಂದ ಅವನನ್ನು ಕಾಡಿದ ಭಯ. ಆ ಭಯವನ್ನು ಮನೆಯವರೇ ನಿಜ ಮಾಡಿಬಿಟ್ಟಿದ್ದರು.

ಅಮ್ಮ ಬೆರೆಸಲು ಶುರು ಮಾಡಿದ್ದು, ಅವನು ರಾತ್ರಿಯ ಮಾತ್ರೆ ತಪ್ಪಿಸುತ್ತಿದ್ದಾನೆ ಅಂತ ತಿಳಿದ ಮೇಲೆ. ಅವನು ತಪ್ಪಿಸುತ್ತಿದ್ದದ್ದು, ಮಾತ್ರೆ ತಗೊಂಡರೆ ಬೆಳಿಗ್ಗೆ ಏಳಲು ಆಗಲ್ಲ, ಎದ್ದಿಲ್ಲ ಅಂದರೆ ಅಪ್ಪ ಬೈಯುತ್ತಾರೆ ಅಂತ. ಇಲ್ಲಿಗೆ ಬಂದು ನಾನು ಸಿಕ್ಕಿಕೊಂಡೆ. ಅದೇ ಅಪ್ಪ, ಅದೇ ಮಾತ್ರೆ, ಅದೇ ನಿದ್ದೆ. ಮತ್ತೆ ಮೂರೂವರೆ ವರ್ಷ ಹೇಗೆ ನಡೆಯಿತು?

ಉತ್ತರ ಮನೆಗೆ ಹೋದಾಗ ಸಿಕ್ಕಿತು. ಗೋಡೆಯ ಮೇಲೆ ಅಪ್ಪನ ಬೀಳ್ಕೊಡುಗೆಯ ಫೋಟೋ ಇತ್ತು, ಕೆಳಗೆ ತಾರೀಕು. ಮೂರೂವರೆ ವರ್ಷದ ಮೇಲೆ ಕಿರಣ್ ಮತ್ತೆ ಅಡ್ಮಿಟ್ ಆಗುವುದಕ್ಕೆ ಮೂರು ತಿಂಗಳು ಮೊದಲು ಅವರು ನಿವೃತ್ತರಾಗಿದ್ದರು. ಅಲ್ಲಿಯವರೆಗೆ ಅವರು ಬೆಳಿಗ್ಗೆ ಎಂಟಕ್ಕೇ ಮನೆ ಬಿಡುತ್ತಿದ್ದರು. ಮಗ ಎಷ್ಟು ಹೊತ್ತಿಗೆ ಏಳುತ್ತಾನೆ ಅಂತ ನೋಡಿದವರೇ ಅಲ್ಲ. ಈಗ ಅವರ ಕುರ್ಚಿ ಹಾಲ್‌ನಲ್ಲಿ, ಮಗನ ಮಂಚವೂ ಅಲ್ಲೇ. ಇಬ್ಬರಿಗೂ ಹೋಗಲು ಬೇರೆ ಜಾಗ ಇಲ್ಲ. ಇದೆಲ್ಲ ಯಾವ ರಕ್ತಪರೀಕ್ಷೆಯಲ್ಲೂ ಬರುವುದಿಲ್ಲ, ಅಲ್ವಾ?

ಇದು ನನ್ನ ಊಹೆ ಮಾತ್ರ ಅಲ್ಲ. 1950ರ ದಶಕದ ಕೊನೆಯಲ್ಲಿ ಲಂಡನ್‌ನಲ್ಲಿ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಮತ್ತು ಜೊತೆಗಾರರು ಒಂದು ವಿಚಿತ್ರ ಸಂಗತಿ ಗಮನಿಸಿದರು. ಆಸ್ಪತ್ರೆಯಿಂದ ಅಪ್ಪ ಅಮ್ಮ ಅಥವಾ ಹೆಂಡತಿ ಇರುವ ಮನೆಗೆ ಹೋದವರಿಗಿಂತ ಬಾಡಿಗೆ ರೂಮಿಗೋ ಒಡಹುಟ್ಟಿದವರ ಮನೆಗೋ ಹೋದವರು ಚೆನ್ನಾಗಿದ್ದರು. 1976ರಲ್ಲಿ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ ಎಂಬ ಸಂಶೋಧಕರು ಇದನ್ನು ಗಂಟೆಯ ಲೆಕ್ಕದಲ್ಲಿ ನೋಡಿದರು. ಟೀಕೆ, ಸಿಟ್ಟು ಅಥವಾ ಅತಿಯಾದ ಕಾಳಜಿ ಇರುವ ಮನೆಯಲ್ಲಿ ವಾರಕ್ಕೆ 35 ಗಂಟೆಗಿಂತ ಜಾಸ್ತಿ ಎದುರುಬದುರು ಇರುವವರಿಗೆ ಕಾಯಿಲೆ ಮರುಕಳಿಸುವುದು ಹೆಚ್ಚು. ಕಿರಣ್ ಮತ್ತು ಅಪ್ಪ ಎಷ್ಟು ಹೊತ್ತು ಎದುರುಬದುರು ಇರುತ್ತಾರೆ ಅಂತ ಬೆರಳೆಣಿಸಿದೆ. ಸೋಮವಾರದಿಂದ ಗುರುವಾರದೊಳಗೇ 35 ದಾಟಿತ್ತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಉತ್ಸಾಹದಲ್ಲಿ ಅಪ್ಪನಿಗೆ, "ನೀವು ಬೈಯುವುದು ಕಡಿಮೆ ಮಾಡಿದರೆ ಅರ್ಧ ಸರಿಹೋಗುತ್ತೆ ಸರ್" ಅಂದೆ. ಅವರು ಎರಡು ವಾರ ಬರಲಿಲ್ಲ. ಬಂದಾಗ ಕೇಳಿದ್ದು ಇಷ್ಟೇ: "ಹಾಗಾದ್ರೆ ಇದೆಲ್ಲ ನನ್ನಿಂದಲೇ ಬಂದಿದ್ದಾ ಮೇಡಂ?" ಒಂದು ಕಾಲದಲ್ಲಿ ಈ ಕಾಯಿಲೆಗೆ ತಾಯಂದಿರೇ ಕಾರಣ ಅಂತ ತಜ್ಞರೇ ಬರೆದಿದ್ದರು. ಆ ಮಾತು ಸುಳ್ಳೆಂದು ಬಿದ್ದುಹೋಗಿ ಎಷ್ಟೋ ಕಾಲವಾಗಿದೆ. ಆದರೂ ನನ್ನ ಒಂದು ವಾಕ್ಯದಲ್ಲಿ ಅವರಿಗೆ ಅದೇ ಕೇಳಿಸಿತ್ತು. ಕ್ಷಮೆ ಕೇಳಿದೆ. ಕಾಯಿಲೆ ನಿಮ್ಮಿಂದ ಬಂದಿಲ್ಲ, ಆದರೆ ನಿಭಾಯಿಸುವುದು ನಿಮ್ಮ ಕೈಯಲ್ಲೂ ಸ್ವಲ್ಪ ಇದೆ ಅಂದೆ.

ಆಮೇಲೆ ಆರು ಸಲ ಕೂತು ಮಾತಾಡಿದೆವು. ಜಾಸ್ತಿ ಹೊತ್ತು ಹಿಡಿದದ್ದು 'ಸೋಮಾರಿ' ಅನ್ನುವ ಪದ. ಮಾತು ಕಡಿಮೆಯಾಗುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು, ಸ್ನಾನಕ್ಕೂ ಏಳದಿರುವುದು, ಇವೂ ಈ ಕಾಯಿಲೆಯ ಲಕ್ಷಣಗಳೇ. ಅನುಮಾನ, ಕಿವಿಯಲ್ಲಿ ಕೇಳುವ ದನಿಗಳಷ್ಟು ಬೇಗ ಇವು ಮಾತ್ರೆಗೆ ಬಗ್ಗುವುದಿಲ್ಲ. ಅಪ್ಪ ಇದನ್ನು ಒಪ್ಪಲು ನಾಲ್ಕನೇ ಭೇಟಿ ಬೇಕಾಯಿತು. 'ಮೊದಲಿನ ಹಾಗೆ ಆಗು' ಅನ್ನುವ ಬದಲು ದಿನಕ್ಕೆ ಒಂದೇ ಸಣ್ಣ ಕೆಲಸ ಹೇಳಿ ಅಂದೆ. ಒಂಬತ್ತಕ್ಕೆ ಎದ್ದು ಹಾಸಿಗೆ ಮಡಿಸುವುದು, ಅಷ್ಟೇ. ಮಾಡದಿದ್ದರೆ ಮಾರನೇ ದಿನ ಮತ್ತೆ ಅದೇ.

ಅಮ್ಮನಿಗೆ, ಬೆರೆಸುವುದನ್ನು ನಿಲ್ಲಿಸಿ, ನಿಲ್ಲಿಸಿದ್ದೇನೆ ಅಂತ ಅವನಿಗೆ ಬಾಯಿಬಿಟ್ಟು ಹೇಳಿ ಅಂದೆ. ಹೇಳುವಾಗ ಅವರ ಕೈ ನಡುಗುತ್ತಿತ್ತು. ಅವನು ಏನೂ ಅನ್ನಲಿಲ್ಲ, ಎರಡು ದಿನ ಬಿಟ್ಟು ಮನೆಯಲ್ಲಿ ಊಟ ಮಾಡಿದ.

ನಿದ್ದೆಯ ವಿಷಯವನ್ನು ಡಾಕ್ಟರ್ ಬಳಿ ಒಯ್ದೆ. ಬೆಳಿಗ್ಗೆಯ ಮಂಪರೇ ಮೂಲ ಅಂತ ಗೊತ್ತಾದ ಮೇಲೆ ಅವರು ಮಾತ್ರೆ ಬದಲಿಸಿದರು. ತಿಂಗಳಿಗೊಮ್ಮೆ ತಗೊಳ್ಳುವ ಇಂಜೆಕ್ಷನ್ ಇದೆ ಅಂತಲೂ ತಿಳಿಸಿದರು. ಕಿರಣ್ "ಆಮೇಲೆ ನೋಡೋಣ" ಅಂದ. ಹಾಗಂದಿದ್ದು ನನಗೆ ಖುಷಿಯೇ ಆಯಿತು. ಎಷ್ಟೋ ದಿನದ ಮೇಲೆ ಅವನ ಔಷಧದ ಬಗ್ಗೆ ಅವನನ್ನೇ ಕೇಳಿದ್ದರು.

ಗಂಟೆಯ ಲೆಕ್ಕಕ್ಕೆ ಎರಡು ದಾರಿ ಹುಡುಕಿದೆವು. ಕಿರಣ್ ವಾರಕ್ಕೆ ಮೂರು ಅರ್ಧ ದಿನ ಪುನರ್ವಸತಿ ಕೇಂದ್ರಕ್ಕೆ ಹೋಗುವುದು. ಅಪ್ಪ ಪರಿಚಯದವರ ಅಂಗಡಿಯಲ್ಲಿ ಲೆಕ್ಕ ಬರೆಯುವುದು. ಅಪ್ಪನನ್ನು ಒಪ್ಪಿಸುವುದು ಮಗನಿಗಿಂತ ಕಷ್ಟವಾಯಿತು. ನಿವೃತ್ತಿಯಾದ ಮೇಲೆ ಅವರಿಗೂ ಕೂತಲ್ಲಿಂದ ಏಳಲು ಮನಸ್ಸಿರಲಿಲ್ಲ ಅಂತ ಆಗ ತಿಳಿಯಿತು. ಮಂಚವನ್ನು ಒಳಗಿನ ಸಣ್ಣ ಕೋಣೆಗೆ ಹಾಕಿ, ಬಾಗಿಲಿಗೊಂದು ಪರದೆ ಕಟ್ಟಿದರು.

ಕಿರಣ್‌ನ ತಂಗಿಯನ್ನು ಕೊನೆಗೆ ಮಾತಾಡಿಸಿದೆ. ನನಗೂ ಬರುತ್ತಾ ಅಂತ ಅವಳು ಕೇಳಿದಳು. ಸಾಮಾನ್ಯ ಜನರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಬರುತ್ತದೆ, ಒಡಹುಟ್ಟಿದವರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ, ಅಂದರೆ ಒಂಬತ್ತು ಜನರಿಗೆ ಬರುವುದಿಲ್ಲ ಅಂದೆ. ಅಣ್ಣನಿಗೆ ಕಾಯಿಲೆ ಜಾಸ್ತಿಯಾಗುವ ಮೊದಲು ಏನಾಗುತ್ತೆ ಅಂತ ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು: ಎರಡು ರಾತ್ರಿ ನಿದ್ದೆ ಇರಲ್ಲ, ಫೋನ್ ಸ್ವಿಚ್ ಆಫ್ ಮಾಡಿ ಕಪಾಟಿನಲ್ಲಿಡುತ್ತಾನೆ. ಕಿರಣ್‌ನ ಎದುರೇ, ಅವನ ಒಪ್ಪಿಗೆಯಿಂದ ಅದನ್ನು ಬರೆದುಕೊಂಡೆವು.

ಏಳನೇ ತಿಂಗಳಲ್ಲಿ ಅವಳ ಫೋನ್ ಬಂತು. "ಕಪಾಟಿನಲ್ಲಿಟ್ಟಿದ್ದಾನೆ ಮೇಡಂ." ಮಾರನೇ ದಿನವೇ ಡಾಕ್ಟರ್ ನೋಡಿದರು, ಡೋಸ್ ಸರಿಮಾಡಿದರು. ಅಡ್ಮಿಟ್ ಆಗಬೇಕಾಗಲಿಲ್ಲ. ಕರೆದುಕೊಂಡು ಬಂದವರು ಅಪ್ಪ. ಹೊರಗೆ ಬೆಂಚಿನ ಮೇಲೆ ಮಗನಿಂದ ಸ್ವಲ್ಪ ದೂರದಲ್ಲಿ ಕೂತು, ಪೇಪರ್ ಓದುತ್ತಿದ್ದರು.