ಅಣ್ಣ ಹೊರಗೆ ಬರದಿರಲು ಬೇಸರವೊಂದೇ ಕಾರಣ ಆಗಿರಲಿಕ್ಕಿಲ್ಲ

ಅಡಿಕೆ ಮರದಿಂದ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ಹೋಗಿ ಎಂಟು ತಿಂಗಳಾದ ನಿಮ್ಮ ಅಣ್ಣ ನೆಂಟರ ಮದುವೆಗೂ ಬರಲೊಪ್ಪುತ್ತಿಲ್ಲ, ಇದು ಖಿನ್ನತೆಯೇ ಎಂದು ಕೇಳಿದ್ದೀರಿ. ನಾನೂ ಹಾಗೇ ಬಿದ್ದವನು. ಮೊದಲ ವರ್ಷ ಒಳಗೇ ಕೂತಿದ್ದೆ, ನಾಲ್ಕು ಜನರ ನಡುವೆ ಮೂತ್ರದ ಹಿಡಿತ ತಪ್ಪಿ ಬಟ್ಟೆ ಒದ್ದೆಯಾದರೆ ಏನು ಗತಿ ಅಂತ ಹೆದರಿ. ಅಣ್ಣನಿಗೂ ಈ ಭಯ ಇದೆಯಾ ಅಂತ ಮೆಲ್ಲಗೆ ಕೇಳಿ. ನಿಮಗಿಂತ ಅವರ ಗೆಳೆಯರೊಬ್ಬರು ಕೇಳಿದರೆ ಇನ್ನೂ ಸಲೀಸು. 4ರಿಂದ 6 ಗಂಟೆಗೊಮ್ಮೆ ನಾನೇ ಕ್ಯಾತಿಟರ್ (ಮೂತ್ರನಾಳಕ್ಕೆ ಹಾಕುವ ತೆಳು ನಳಿಕೆ) ಹಾಕಿ ಮೂತ್ರ ತೆಗೆಯುವುದು ರೂಢಿಯಾದ ಮೇಲೆಯೇ ನನಗೆ ಪೇಟೆಗೆ ಹೋಗುವ ಧೈರ್ಯ ಬಂದದ್ದು. ಮದುವೆಗೆ ಈಗಲೇ ಒತ್ತಾಯ ಬೇಡ, ಅಲ್ಲಿ ಕಂಡವರೆಲ್ಲ ‘ಹೇಗಾಯ್ತು’ ಅಂತ ಕೇಳುತ್ತಾರೆ. ಮೊದಲು ಜಗಲಿ, ಆಮೇಲೆ ಅಂಗಡಿವರೆಗೆ.

ನಿದ್ದೆ, ಹಸಿವು ಕೆಡುವುದು ನೋವಿನಿಂದಲೂ ಮಾತ್ರೆಯಿಂದಲೂ ಆಗುತ್ತದೆ. ಆದರೆ ಇಷ್ಟದ ಯಾವುದೂ ಬೇಡವಾಗಿ ಎರಡು ವಾರ ದಾಟಿದ್ದರೆ ಮನೋವೈದ್ಯರಿಗೆ ತೋರಿಸಿ. ಬದುಕು ಸಾಕು ಅನ್ನುವ ಮಾತು ಬಂದರೆ ಅವತ್ತೇ ತೋರಿಸಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ರಾತ್ರಿಯೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ದಕ್ಷಿಣ ಕನ್ನಡದ ಕೊಕ್ಕಡದ ಹತ್ತಿರ ಸೌತಡ್ಕದ ಸೇವಾಧಾಮದಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೆಂದೇ ಪುನಶ್ಚೇತನ ಕೇಂದ್ರವಿದೆ, ವಿಚಾರಿಸಿ. ನನ್ನಂಥವರೇ ಹತ್ತು ಜನ ಒಟ್ಟಿಗೆ ನಗುವುದನ್ನು ಕಂಡದ್ದು ನನಗೆ ಔಷಧಿಯಷ್ಟೇ ಉಪಕಾರ ಮಾಡಿತ್ತು. ನೀವು ಯಾವ ಊರಿನವರು ಅಂತ ತಿಳಿಸಿ, ಅಣ್ಣ ಒಪ್ಪಿದರೆ ನಾನೇ ಮಾತಾಡುತ್ತೇನೆ.