ಬಿಳಿ ಅಕ್ಕಿ ಬಿಟ್ಟು ಕಂದು ಅಕ್ಕಿ ಉಂಡರೆ ಸಕ್ಕರೆ ಕಾಯಿಲೆಯ ಅಪಾಯ ತಗ್ಗುವುದೇ?

ತಗ್ಗಬಹುದು, ಆದರೆ ಬೆಳಿಗ್ಗೆ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ ಎಂದು ಮೂರು ಹೊತ್ತೂ ಅಕ್ಕಿಯನ್ನೇ ನಂಬಿರುವ ತೀರ್ಥಹಳ್ಳಿ, ಹೊಸನಗರದ ಕಡೆಯ ನಮ್ಮಂಥವರು ಉಣ್ಣುವ ಅಳತೆಯನ್ನು ಮರೆಯುವಂತಿಲ್ಲ.

ಕಂದು ಅಕ್ಕಿಯೆಂದರೆ ತೌಡಿನ ಪದರ ಉಳಿಸಿಕೊಂಡ ಅಕ್ಕಿ; ಗಿರಣಿಯಲ್ಲಿ ಅದನ್ನು ಪಾಲಿಶ್ ಮಾಡಿ ಬಿಳಿ ಅಕ್ಕಿಯಾಗಿಸುವಾಗ ತೌಡಿನೊಂದಿಗೆ ನಾರು, ಮೆಗ್ನೀಸಿಯಂ ಮತ್ತು ಬಿ ಜೀವಸತ್ವಗಳ ಬಹುಪಾಲು ಹೊರಟುಹೋಗುತ್ತದೆ. ಉಳಿದ ಪಿಷ್ಟ ಬೇಗನೆ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಏರಿಸುವುದರಿಂದ, ಅದನ್ನು ಇಳಿಸಲು ದೇಹ ಪ್ರತಿ ಊಟಕ್ಕೂ ಹೆಚ್ಚು ಇನ್ಸುಲಿನ್ ಸ್ರವಿಸಬೇಕಾಗುತ್ತದೆ. ದಿನಕ್ಕೆ 50 ಗ್ರಾಂ ಬಿಳಿ ಅಕ್ಕಿಯ ಬದಲು ಅಷ್ಟೇ ಕಂದು ಅಕ್ಕಿ ತಿನ್ನುವವರಲ್ಲಿ ಮಧುಮೇಹದ ಅಪಾಯ ಶೇ. 16ರಷ್ಟು ಕಡಿಮೆಯಿರುತ್ತದೆಂದು ಹಾರ್ವರ್ಡ್ ಸಂಶೋಧಕರು 2010ರಲ್ಲಿ ಅಮೆರಿಕನ್ನರನ್ನು ಕುರಿತ ಅಧ್ಯಯನದಿಂದ ಅಂದಾಜಿಸಿದರು. 21 ದೇಶಗಳ 2020ರ ಅಧ್ಯಯನವೊಂದರಲ್ಲಿ, ದಿನಕ್ಕೆ 450 ಗ್ರಾಂ ಅಥವಾ ಅದಕ್ಕೂ ಹೆಚ್ಚು ಬಿಳಿ ಅನ್ನ ಉಣ್ಣುವ ದಕ್ಷಿಣ ಏಷ್ಯಾದವರಿಗೆ, 150 ಗ್ರಾಂಗಿಂತ ಕಡಿಮೆ ಉಣ್ಣುವವರಿಗಿಂತ ಅಪಾಯ ಶೇ. 61ರಷ್ಟು ಹೆಚ್ಚಿತ್ತು, ನನ್ನ ದೃಷ್ಟಿಯಲ್ಲಿ ನಮಗೆ ಮುಖ್ಯವಾದ ಅಂಕಿ ಇದೇ.

ಕುಚ್ಚಲಕ್ಕಿಯೆಲ್ಲವೂ ಕಂದು ಅಕ್ಕಿಯೆಂಬ ತಿಳಿವಳಿಕೆ ಸರಿಯಲ್ಲ. ಭತ್ತವನ್ನು ಬೇಯಿಸಿ ಒಣಗಿಸುವುದರಿಂದ ಬಿ ಜೀವಸತ್ವ ಹೆಚ್ಚು ಉಳಿಯುತ್ತದಾದರೂ, ಆಮೇಲೆ ಪಾಲಿಶ್ ಮಾಡಿದರೆ ತೌಡು ಹೋಗಿಯೇ ಹೋಗುತ್ತದೆ. ಆದ್ದರಿಂದ ಕೊಳ್ಳುವಾಗ ಕಾಳಿನ ಮೇಲೆ ಪದರ ಉಳಿದಿದೆಯೇ ಎಂದು ನೋಡಿ, ಅನ್ನವನ್ನು ಒಂದು ಸೌಟು ಕಡಿಮೆ ಬಡಿಸಿಕೊಂಡು, ಹುರುಳಿ ಸಾರನ್ನೂ ಸೊಪ್ಪಿನ ಪಲ್ಯವನ್ನೂ ಹೆಚ್ಚಿಸಿಕೊಳ್ಳಿ.